ಮಕ್ಕಳದ್ದೆಂಬ ಸಸಾರ

‘ಒನ್ ಪೀಸ್’ ಬಗ್ಗೆ ನಾವು ಪ್ರಕಟಿಸಿದ ಲೇಖನಕ್ಕೆ ಬಂದ ಆಕ್ಷೇಪವೆಲ್ಲ ಒಂದೇ ಧಾಟಿಯದು: ಸಾಹಿತ್ಯ ಪತ್ರಿಕೆಗೆ ಮಕ್ಕಳ ಕಾರ್ಟೂನಿನ ಉಸಾಬರಿ ಏಕೆ? ಕೇಳಿದವರು ನವ್ಯ, ಬಂಡಾಯಗಳ ಜಗಳದಲ್ಲಿ ಪಳಗಿದ ಹಿರಿಯರು. ಅವರ ಪತ್ರಗಳಲ್ಲಿ ಒಂದು ಕಂತನ್ನಾದರೂ ನೋಡಿದ ಸುಳಿವಿಲ್ಲ. ಓದದೆ ವಿಮರ್ಶೆ ಬರೆಯುವ ಚಾಳಿಯನ್ನು ಈ ಪುಟದಲ್ಲಿ ಹಲವು ಸಲ ಖಂಡಿಸಿದ್ದೇವೆ. ನೋಡದೆ ತೀರ್ಪು ಕೊಡುವುದೂ ಅದೇ ಚಾಳಿ.

ಐಚಿರೊ ಓಡ 1997ರಲ್ಲಿ ಜಪಾನಿನ ‘ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಶುರುಮಾಡಿದ ಈ ಚಿತ್ರಕಥೆಯನ್ನು ತೋಯಿ ಅನಿಮೇಷನ್ 1999ರ ಅಕ್ಟೋಬರಿನಲ್ಲಿ ಟೀವಿಗೆ ತಂದಿತು. ಕಂತುಗಳು ಸಾವಿರ ದಾಟಿ ಈಗ ವರ್ಷಗಳೇ ಆದವು. ಇದರ ಅಭಿಮಾನಿಗಳದ್ದೂ ಒಂದು ರೋಗವಿದೆ. ಹೊಸಬರು ಸಿಕ್ಕರೆ ಸಾಕು, ‘ಆರಂಭ ಸಪ್ಪೆ, ಹೇಗೋ ದಾಟಿಬಿಡಿ, ಮುಂದೆ ಚೆನ್ನಾಗಿದೆ’ ಎಂದು ಉಪದೇಶಕ್ಕೆ ನಿಲ್ಲುತ್ತಾರೆ. ಹೀಗಳೆಯುವವರೂ ಆರಾಧಿಸುವವರೂ ಸೇರಿ ಸಸಾರ ಮಾಡುವುದು ಮೊದಲ ಕಂತುಗಳನ್ನೇ. ಈಸ್ಟ್ ಬ್ಲೂ ಕಡಲಲ್ಲಿ ನಡೆಯುವ ಆ ಭಾಗವೇ ಸರಣಿಯ ಜೀವಾಳ ಎಂಬುದು ನಮ್ಮ ವಾದ.

ಕಥಾನಾಯಕ, ಕಡಲ್ಗಳ್ಳ ಲುಫಿಯ ಸಂಗಡಿಗಳಲ್ಲಿ ಒಬ್ಬಳಾದ ನಾಮಿಯ ಊರನ್ನೇ ನೋಡಿ. ಅರ್ಲಾಂಗ್ ಎಂಬ ಮೀನುಮನುಷ್ಯ ಅಲ್ಲಿ ತಲೆಗಂದಾಯ ಹಾಕಿದ್ದಾನೆ: ತಿಂಗಳಿಗೆ ದೊಡ್ಡವರಿಗೆ ಒಂದು ಲಕ್ಷ ಬೆರಿ, ಮಕ್ಕಳಿಗೆ 50 ಸಾವಿರ. ಕೊಡದಿದ್ದರೆ ಸಾವು. ನಾಮಿಯ ಸಾಕುತಾಯಿ, ಕಿತ್ತಳೆ ತೋಟದ ಬೆಲ್ಮೇರ್ ಬಳಿ ಇರುವುದು ಒಂದೇ ಲಕ್ಷ. ಸಾಕಿದ ಹುಡುಗಿಯರಿಬ್ಬರೂ ತನ್ನವರಲ್ಲ ಎಂದುಬಿಟ್ಟರೆ ಅವಳ ಜೀವ ಉಳಿಯುತ್ತದೆ. ಅವಳು ಆ ಹಣವನ್ನು ಮಕ್ಕಳಿಬ್ಬರ ಲೆಕ್ಕಕ್ಕೆ ಕಟ್ಟಿ ಗುಂಡಿಗೆ ಎದೆಯೊಡ್ಡುತ್ತಾಳೆ. ಅನಾಥಳಾದ ನಾಮಿಗೆ ಅರ್ಲಾಂಗ್ ಒಂದು ಕರಾರು ಹೇಳುತ್ತಾನೆ: ಹತ್ತು ಕೋಟಿ ತಂದರೆ ಊರನ್ನು ಮಾರುತ್ತೇನೆ. ಎಂಟು ವರ್ಷ ಕದ್ದು ಕೂಡಿಟ್ಟ ಹಣ ಇನ್ನೇನು ಭರ್ತಿಯಾಗಬೇಕು, ಅರ್ಲಾಂಗನ ಲಂಚ ತಿಂದ ನೌಕಾದಳದ ಅಧಿಕಾರಿ ಬಂದು ಅದನ್ನು ಜಪ್ತಿ ಮಾಡುತ್ತಾನೆ. ನಾಮಿ ತನ್ನ ತೋಳಿನ ಮೇಲಿರುವ ಅರ್ಲಾಂಗನ ಹಚ್ಚೆಗೆ ಮತ್ತೆ ಮತ್ತೆ ಚೂರಿ ಹಾಕಿಕೊಳ್ಳುತ್ತಾಳೆ. ಅವಳ ಪೂರ್ವಕಥೆ ಕೇಳಲೂ ನಿಲ್ಲದ ಲುಫಿ ಅವಳ ಕೈ ಹಿಡಿದು ತಡೆಯುತ್ತಾನೆ. ಯಾರಿಗೂ ಮುಟ್ಟಗೊಡದ ತನ್ನ ಹುಲ್ಲಿನ ಟೋಪಿಯನ್ನು ಅವಳ ತಲೆಗಿಟ್ಟು ಹೊರಡುತ್ತಾನೆ. ಕಂದಾಯ, ಸಾಲ, ಕಳ್ಳನ ಜೊತೆ ಶಾಮೀಲಾದ ಸರ್ಕಾರ. ಬಂಡಾಯದ ಹಿರಿಯರು ಬಾಳೆಲ್ಲ ಬರೆದದ್ದು ಇದನ್ನೇ ಅಲ್ಲವೆ?

ಮಕ್ಕಳದ್ದು ಎಂಬ ನೆಪದಲ್ಲಿ ಈ ಕಥೆಯ ಹಲ್ಲು ಕಿತ್ತವರು ಬೇರೆ ಕಡೆಯೂ ಇದ್ದಾರೆ. 2004ರಲ್ಲಿ ಅಮೆರಿಕದ 4ಕಿಡ್ಸ್ ಸಂಸ್ಥೆ ತನ್ನ ಇಂಗ್ಲಿಷ್ ಆವೃತ್ತಿಯಲ್ಲಿ ಲುಫಿಯ ಹಡಗಿನ ಅಡುಗೆಯವ ಸಾಂಜಿಯ ಬಾಯಿಂದ ಸಿಗರೇಟು ಕಿತ್ತು ಲಾಲಿಪಾಪ್ ಇಟ್ಟಿತು, ಕಥಾಭಾಗಗಳನ್ನೇ ಕತ್ತರಿಸಿ ಎಸೆಯಿತು. ತೋಯಿಯೂ ಈ ತಪ್ಪಿಗೆ ಹೊರತಲ್ಲ. ಓಡ ಬರೆದ ಮೂಲದಲ್ಲಿ, ಬಂಡೆಯ ಮೇಲೆ ಸಿಕ್ಕಿಬಿದ್ದ ಝೆಫ್ ಎಂಬ ಕಡಲ್ಗಳ್ಳ ಇದ್ದ ಆಹಾರವನ್ನೆಲ್ಲ ಹುಡುಗ ಸಾಂಜಿಗೆ ಬಿಟ್ಟು ತನ್ನ ಕಾಲನ್ನೇ ತಿಂದು ಬದುಕುತ್ತಾನೆ. ಅನಿಮೆಯಲ್ಲಿ ಆ ಕಾಲು ಬೇರೆ ರೀತಿಯಲ್ಲಿ ಹೋಗುತ್ತದೆ. ಹಸಿದು ಬಂದವನು ಶತ್ರುವಾದರೂ ಸಾಂಜಿ ಉಣಬಡಿಸುವುದು ಏಕೆಂಬ ಪ್ರಶ್ನೆಗೆ ಆ ಕಾಲೇ ಉತ್ತರವಾಗಿತ್ತು. ಅದನ್ನು ಮೆದುಗೊಳಿಸಿದ್ದು ಅನ್ಯಾಯ.

ನಮ್ಮಲ್ಲಿ ಇದೇ ಸಸಾರಕ್ಕೆ ಕನ್ನಡಾಭಿಮಾನದ ಅಂಗಿ ತೊಡಿಸಿದ್ದೆವು. ಡಬ್ಬಿಂಗ್ ಬಂದರೆ ಕನ್ನಡ ಸಾಯುತ್ತದೆಂದು ದಶಕಗಳ ಕಾಲ ಕದ ಹಾಕಿಕೊಂಡು ಕೂತೆವು. 2015ರಲ್ಲಿ ಭಾರತದ ಸ್ಪರ್ಧಾ ಆಯೋಗ ಆ ತಡೆ ಕಾನೂನುಬಾಹಿರ ಎಂದ ಮೇಲೂ ನಮ್ಮ ಮನಸ್ಸು ಪೂರ್ತಿ ತೆರೆದಿಲ್ಲ. ಜಗತ್ತಿನ ಕಥೆಗಳನ್ನು ಪರಭಾಷೆಯಲ್ಲಿ ಕೇಳಿ ಬೆಳೆದ ಮಕ್ಕಳು ಕನ್ನಡ ಓದುವುದಿಲ್ಲವೆಂದು ಈಗ ಗೋಳಾಡುವವರೂ ನಾವೇ.

2025ರಲ್ಲಿ ಇಂಡೊನೇಷ್ಯಾ, ನೇಪಾಳಗಳ ತರುಣರು ಅಧಿಕಾರಸ್ಥರ ವಿರುದ್ಧ ಬೀದಿಗಿಳಿದಾಗ ಲುಫಿಯ ಬಾವುಟ ಹಿಡಿದರು. ಆ ಬಾವುಟ ಅವರಿಗೇಕೆ ಬೇಕಾಯಿತು ಎಂಬುದಕ್ಕೆ ಉತ್ತರ ಈಸ್ಟ್ ಬ್ಲೂ ಕಂತುಗಳಲ್ಲಿದೆ. ಹುಡುಗರಿಗೆ ತಿಳಿದದ್ದು ವಿಮರ್ಶಕರಿಗೆ ತಿಳಿಯದಿದ್ದರೆ ಅದು ಕಥೆಯ ದೋಷವಲ್ಲ.

ಮುಂದಿನ ಸಂಚಿಕೆ ಅನಿಮೆ ವಿಶೇಷಾಂಕ. ಆಕ್ಷೇಪಗಳಿಗೂ ಅದರಲ್ಲಿ ಪುಟಗಳನ್ನು ಕಾದಿರಿಸಿದ್ದೇವೆ. ಮೊದಲ 44 ಕಂತುಗಳನ್ನು ನೋಡಿ ಬರೆದವರ ಆಕ್ಷೇಪಗಳಿಗೆ ಮಾತ್ರ.