ಅಕ್ಷರದ ಹೆಸರು ಬ್ಯಾರೆ, ದನಿ ಬ್ಯಾರೆ



ನಮ್ಮೂರ ಸಾಲಿಯ ಒಂದನೇ ಇಯತ್ತೆಯ ಸಣ್ಣ ಹುಡುಗರೂ ಎ, ಬಿ, ಸಿ, ಡಿಯಿಂದ ಹಿಡಿದು ಝಡ್‌ವರೆಗೆ ಒಂದೇ ಉಸಿರಿನಲ್ಲಿ ಹಾಡಿನಂತೆ ಒಪ್ಪಿಸುತ್ತಾರೆ. ಕೇಳಿದವರು 'ಭೇಷ್' ಅಂತಾರೆ. ಆದರೆ ಅದೇ ಮಕ್ಕಳು ಏಳನೇ ಇಯತ್ತೆಗೆ ಬಂದಾಗ ಇಂಗ್ಲಿಷ್ ಪಾಠದ ಒಂದು ಸಾಲು ಓದಲು ಹೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಾರೆ. ಹೀಗೇಕೆ? ಬುದ್ಧಿ ಕಡಿಮೆಯೆ? ಖಂಡಿತ ಅಲ್ಲ. ನಾವು ಅಕ್ಷರದ ಹೆಸರು ಕಲಿತೇವಿ, ಅದರ ದನಿ ಕಲಿತಿಲ್ಲ ಎಂಬುದು ನನ್ನ ಅಭಿಪ್ರಾಯ.

ಕನ್ನಡದಲ್ಲಿ ಈ ತೊಂದರೆ ಇಲ್ಲ. ಕ, ಮ, ಲ ಕೂಡಿಸಿ ಅಂದರೆ ಕಮಲ ಆಗಿಬಿಡ್ತದ. ಅಕ್ಷರದ ಹೆಸರೇ ಅದರ ದನಿ. ಇಂಗ್ಲಿಷಿನಲ್ಲಿ ಸಿ, ಎ, ಟಿ ಕೂಡಿಸಿದರೆ 'ಸೀಏಟೀ' ಆಗಬೇಕಿತ್ತು, ಆಗುವುದು 'ಕ್ಯಾಟ್'. ಡಬ್ಲ್ಯೂ ಎಂಬ ಹೆಸರಿನೊಳಗೆ 'ವ' ಎಲ್ಲೂ ಕೇಳಿಸುವುದಿಲ್ಲ, ಆದರೆ ಓದುವಾಗ ಅದು 'ವ'. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ, ಅವರದರಲ್ಲಿ 26. ಆ 26 ಅಕ್ಷರಗಳಿಂದಲೇ ಸುಮಾರು 44 ದನಿ ಹೊರಡಿಸಬೇಕು. ಆಳು ಕಡಿಮೆ, ಕೆಲಸ ಹೆಚ್ಚು!

ಅದೇ ಲಿಪಿಯಲ್ಲಿ ಬರೆಯುವ ಸ್ಪ್ಯಾನಿಷ್ ಭಾಷೆಯನ್ನು ನೋಡಿರಿ. ಅದಕ್ಕೆ 27 ಅಕ್ಷರ. ಇಂಗ್ಲಿಷಿನವರು ಎ, ಇ, ಐ, ಓ, ಯು ಎನ್ನುವ ಐದು ಸ್ವರಗಳನ್ನು ಅವರು ಅ, ಎ, ಇ, ಒ, ಉ ಅಂತಾರೆ. ನಮ್ಮ ಹಾಗೇ ಹೆಸರೂ ಅದೇ, ದನಿಯೂ ಅದೇ. ಎಚ್ ಬರೆದರೂ ಅದನ್ನು ಉಚ್ಚರಿಸುವುದಿಲ್ಲ. ಜೆ ಬರೆದಲ್ಲಿ 'ಹ'ದಂಥ ದನಿ ಬರ್ತದ. ನಾವು ಭೂಗೋಲದಲ್ಲಿ ಓದುವ ಮೆಕ್ಸಿಕೊ ದೇಶವನ್ನು ಅಲ್ಲಿನ ಜನ 'ಮೆಹಿಕೊ' ಎನ್ನುತ್ತಾರೆ. ಅಂದಮೇಲೆ ಅಕ್ಷರ ಒಂದೇ ಇದ್ದರೂ ಭಾಷೆ ಬದಲಾದರೆ ದನಿ ಬದಲಾಗ್ತದ. ಅದನ್ನು ಕಣ್ಣಿನಿಂದ ಕಲಿಯಲಾಗದು, ಕಿವಿಯಿಂದಲೇ ಕಲಿಯಬೇಕು.

ಇನ್ನು ನಗುವವರ ವಿಚಾರ. ನಮ್ಮ ಹಿರಿಯರು 'ಇಸ್ಕೂಲು' ಅಂದರೆ ಕೆಲವರು ನಗ್ತಾರೆ. ಸ್ಪ್ಯಾನಿಷ್‌ನಲ್ಲಿ ಶಾಲೆಗೆ 'ಎಸ್ಕ್ವೆಲಾ' ಎನ್ನುವರು. ಆ ಜನ ಹೊಸದಾಗಿ ಇಂಗ್ಲಿಷ್ ಕಲಿಯುವಾಗ 'ಎಸ್ಕೂಲ್' ಅಂತಲೇ ಅಂತಾರೆ. ಪ್ರತಿಯೊಂದು ನಾಲಿಗೆಯೂ ತನ್ನ ತಾಯಿಭಾಷೆಯ ದಾರಿಯಲ್ಲೇ ಮೊದಲು ನಡೆಯುತ್ತದೆ. ಅದರಲ್ಲಿ ನಾಚಿಕೆಪಡುವಂಥದು ಏನದ?

ನಮ್ಮ ಧಾರವಾಡ ಸೀಮೆಯಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ. ಜರ್ಮನಿಯ ಫರ್ಡಿನಾಂಡ್ ಕಿಟೆಲ್ 1853 ರಲ್ಲಿ ಧಾರವಾಡಕ್ಕೆ ಬಂದಾಗ ಅವರಿಗೆ 21 ವರ್ಷ. ಜರ್ಮನ್ ಭಾಷೆಯಲ್ಲಿ ಳ ಇಲ್ಲ, ಣ ಇಲ್ಲ. ಹುಬ್ಬಳ್ಳಿ ಅನ್ನಬೇಕಾದರೆ ಒತ್ತಿನ ಳ ಬೇಕೇ ಬೇಕು. ಇಂಗ್ಲಿಷರಿಗೆ ಅದು ಒಗ್ಗದೆ 'ಹುಬ್ಲಿ' ಆಗಿ, 2014 ರ ನವೆಂಬರ್ 1 ರಂದು ಸರಕಾರಿ ಕಾಗದದಲ್ಲಿ ಅದು ಮತ್ತೆ ಹುಬ್ಬಳ್ಳಿ ಆಯಿತು. ಕಿಟೆಲ್ಲರಾದರೋ ಜನರ ನಡುವೆ ಇದ್ದು ಅ ಆ ಇ ಈ ಕಲಿತರು. 1894 ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟರು. ಮೊದಲ ದಿನ ಅವರು ಳ ಅನ್ನಲು ಹೋದಾಗ ಊರವರು ನಕ್ಕು, ಅವರು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಗತಿ ಏನಾಗುತ್ತಿತ್ತು?

ನಮ್ಮ ಓಣಿಯ ಒಬ್ಬ ಅಕ್ಕ ಗಣಿತದಾಗ ನೂರಕ್ಕೆ ತೊಂಬತ್ತು ತಗೊಂಡಾಕಿ. ಇಂಗ್ಲಿಷಿನಾಗ ನಪಾಸಾಗಿ ಸಾಲಿ ಬಿಟ್ಟು ಈಗ ಹತ್ತಿ ಬಿಡಿಸಲಿಕ್ಕೆ ಹೋಗ್ತಾಳ. ಓದಲು ಎದ್ದು ನಿಂತಾಗೆಲ್ಲ ಹಿಂದಿನಿಂದ ನಗು ಕೇಳಿ ಓದೋದನ್ನೇ ಬಿಟ್ಟೆ ಅಂತಾಳ. ನಮ್ಮ ರಾಜ್ಯದ ಕನ್ನಡ ಶಾಲೆಗಳಲ್ಲಿ ಮೊದಲು ಐದನೇ ಇಯತ್ತೆಯಿಂದ ಇಂಗ್ಲಿಷ್ ಇತ್ತು, 2007 ರಿಂದ ಒಂದನೇ ಇಯತ್ತೆಗೇ ಬಂತು. ವರ್ಷ ಹೆಚ್ಚಾದವು. ಆದರೆ ಬಾಯಿ ತೆರೆಯದಿದ್ದರೆ ಹತ್ತು ವರ್ಷ ಕಲಿತರೂ ಅಷ್ಟೇ.

ಇಂಗ್ಲಿಷ್ ಶಬ್ದದ ಮೇಲೆ ಕನ್ನಡದಲ್ಲಿ ಉಚ್ಚಾರ ಬರೆದುಕೊಂಡರೆ ಸಾಕಲ್ಲ ಎಂದು ಕೆಲವರು ವಾದಿಸಬಹುದು. ಮೊದಮೊದಲು ಬರೆಯಲಿ, ಬ್ಯಾಡ ಅನ್ನೋದಿಲ್ಲ. ಆದರೆ ಅದು ಊರುಗೋಲು ಇದ್ದ ಹಾಗೆ. ನಡೆಯಲು ಬಂದ ಮೇಲೆ ಬಿಡಬೇಕು. ಅವರ 'ಫ್ಯಾನ್' ಎಂಬುದು ತುಟಿ-ಹಲ್ಲಿನ ದನಿ. ಅದನ್ನು 'ಪ್ಯಾನ್' ಅಂತ ಓದಿದರೆ ಗಾಳಿ ಬೀಸುವ ಯಂತ್ರ ಹೋಗಿ ಒಲೆಯ ಮೇಲಿನ ಬಾಣಲಿ ಆಗ್ತದ!

ಆದ್ದರಿಂದ ನಾನು ಕೇಳುವುದು ಇಷ್ಟೆ. ಗುರುಗಳು, ಅಕ್ಕೋರು ಎ, ಬಿ, ಸಿ ಹೆಸರಿನ ಜೊತೆಗೇ ಅದರ ದನಿಯನ್ನೂ ಹೇಳಿಕೊಡಲಿ. ದಿನಾ ಐದು ಶಬ್ದ ಎಲ್ಲರೂ ಕೂಡಿ ಗಟ್ಟಿಯಾಗಿ ಅನ್ನೋಣ. ಎಲ್ಲರ ದನಿ ಕೂಡಿದಾಗ ಒಬ್ಬರ ತಪ್ಪು ಯಾರಿಗೂ ಕೇಳಿಸೋದಿಲ್ಲ, ನಾಲಿಗೆ ಮಾತ್ರ ಪಳಗ್ತದ. ಹಾಡ್ತಾ ಹಾಡ್ತಾ ರಾಗ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಯಾರಾದರೂ ತಪ್ಪಿ ಓದಿದರೆ ನಗಬ್ಯಾಡ್ರಿ, ಸರಿಯಾದದ್ದು ಗೊತ್ತಿದ್ದರೆ ಮೆಲ್ಲಗೆ ಹೇಳಿಕೊಡ್ರಿ.

ನೀವು ಏನಂತೀರಿ? ನನ್ನ ಮಾತು ಒಪ್ಪದಿದ್ದರೂ ಚಿಂತೆಯಿಲ್ಲ. ಒಂದು ಹಾಳೆಯಲ್ಲಿ ಬರೆದು ಕೊಡಿರಿ. ಮುಂದಿನ ಸಂಚಿಕೆಯಲ್ಲಿ ಇದೇ ಗೋಡೆಗೆ ಅಂಟಿಸೋಣ.

— ಒಂಬತ್ತನೇ ಇಯತ್ತೆಯ ವಿದ್ಯಾರ್ಥಿನಿ