ಅಣ್ಣನ ಕೀಬೋರ್ಡು, ಅತ್ತಿಗೆಯ ಸರ

ಆಟಿ ತಿಂಗಳು ಅಂದರೆ ನಮ್ಮ ಕಡೆ ಕಲಾವಿದರ ಕೈಗೆ ಕೆಲಸ ಇಲ್ಲದ ತಿಂಗಳು. ನಾಟಕ ಇಲ್ಲ, ರಸಮಂಜರಿ ಇಲ್ಲ, ಮದುವೆ ಇಲ್ಲ. ಅಂಥ ಒಂದು ಮಧ್ಯಾಹ್ನ ದೊಡ್ಡಪ್ಪನ ಮಗ ಫೋನ್ ಮಾಡಿದ. “ನೀನು ಪೇಪರಿನವ, ಕಂಪ್ಯೂಟರ್ ಎಲ್ಲ ಗೊತ್ತುಂಟಲ್ಲ. ಒಂದು ವಿಷಯ ಕೇಳ್ಲಿಕ್ಕುಂಟು, ಮನೆಗೆ ಬಾ ಮಾರಾಯ” ಅಂದ.

ಅಣ್ಣ ಇಪ್ಪತ್ತು ವರ್ಷದಿಂದ ಕೀಬೋರ್ಡ್ ನುಡಿಸುವವನು. ಚೌತಿಗೆ ರಸಮಂಜರಿ, ದೀಪಾವಳಿ ಕಳೆದ ಮೇಲೆ ತುಳು ನಾಟಕ, ನಡುನಡುವೆ ಭಜನಾ ಮಂಡಳಿಯ ವಾರ್ಷಿಕೋತ್ಸವ. ಅವನ ಈಗಿನ ಕೀಬೋರ್ಡಿಗೆ ಹನ್ನೊಂದು ವರ್ಷ. ಮೂರು ಕೀಗಳು ಗುದ್ದಿದರೆ ಮಾತ್ರ ಮಾತಾಡುತ್ತವೆ, ಮೂರರಲ್ಲಿ ಒಂದು ಅವನು ಅತಿ ಹೆಚ್ಚು ಬಳಸುವ ನಡುವಿನ ಸಾ. ಕೀಗಳ ಕೆಳಗಿನ ರಬ್ಬರನ್ನು ಮಂಗಳೂರಿನಲ್ಲಿ ಎರಡು ಸಲ ಬದಲಿಸಿದ್ದಾಯಿತು. ಮೂರನೇ ಸಲ ಹೋದಾಗ ರಿಪೇರಿಯವರು “ಇದರ ಪಾರ್ಟ್ ಈಗ ಬರುದಿಲ್ಲ” ಅಂದರಂತೆ. ಚೌತಿಗೆ ನಾಲ್ಕು ಕಡೆಯಿಂದ ಅಡ್ವಾನ್ಸ್ ತೆಗೆದುಕೊಂಡಾಗಿದೆ.

ಅವನ ಮುಂದಿದ್ದದ್ದು ಎರಡು ದಾರಿ. ಅಂಗಡಿಯವರು ತೋರಿಸಿದ ಹೊಸ ವರ್ಕ್‌ಸ್ಟೇಷನ್, 1,40,000 ರೂಪಾಯಿ. ಇಲ್ಲದಿದ್ದರೆ ಪೇಟೆಯ ಸ್ಟುಡಿಯೋದ ಹುಡುಗ ಹೇಳಿದ ಉಪಾಯ: “ಅಷ್ಟು ದುಡ್ಡು ಯಾಕೆ ಹಾಳು ಮಾಡ್ತೀರಿ ಅಣ್ಣ? ಲ್ಯಾಪ್‌ಟಾಪಿಗೆ ಸಾಫ್ಟ್‌ವೇರ್ ಹಾಕಿ. ಸೌಂಡ್ ಇದಕ್ಕಿಂತ ಹತ್ತು ಪಾಲು ಚಂದ.” ಮೊದಲನೆಯದಕ್ಕೆ ದುಡ್ಡು ಬರುವುದು ಅತ್ತಿಗೆಯ ಸರವನ್ನು ಸೊಸೈಟಿಯಲ್ಲಿ ಅಡವಿಟ್ಟು. ಅತ್ತಿಗೆ ಚಹಾ ತಂದಿಟ್ಟು ಅಲ್ಲೇ ನಿಂತರು. ಬೇಡ ಅನ್ನಲಿಲ್ಲ, ಆಗಲಿ ಅಂತಲೂ ಅನ್ನಲಿಲ್ಲ.

ಸ್ಟುಡಿಯೋದ ಹುಡುಗ ಹೇಳಿದ್ದು ಸುಳ್ಳಲ್ಲ. ಸದ್ದಿನ ಲೆಕ್ಕದಲ್ಲಿ ಪೆಟ್ಟಿಗೆಗಿಂತ ಕಂಪ್ಯೂಟರ್ ಮುಂದೆ ಹೋಗಿ ವರ್ಷಗಳೇ ಆದವು. 1988ರಲ್ಲಿ ಬಂದ ಕೋರ್ಗ್ ಎಂ1 ಎಂಬ ಕೀಬೋರ್ಡ್ ವರ್ಕ್‌ಸ್ಟೇಷನ್ ಅನ್ನುವ ಕಲ್ಪನೆಯನ್ನೇ ಮನೆಮಾತು ಮಾಡಿದ್ದು. ಸ್ವರ, ಎಫೆಕ್ಟ್, 8 ಟ್ರ್ಯಾಕಿನ ಸೀಕ್ವೆನ್ಸರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಅದರೊಳಗಿನ ಅಷ್ಟೂ ವಾದ್ಯಗಳ ಸದ್ದು ಇದ್ದದ್ದು 4 ಎಂಬಿ ಜಾಗದಲ್ಲಿ. ಈಗ ನಾವು ಫೋನಿನಲ್ಲಿ ತೆಗೆಯುವ ಒಂದು ಫೋಟೋ ಸುಮಾರು ಅಷ್ಟಿರುತ್ತದೆ. ಇವತ್ತು ಕಂಪ್ಯೂಟರಿಗೆ ಸಿಗುವ ಒಂದು ಪಿಯಾನೋದ ಸ್ಯಾಂಪಲ್ ಮಾತ್ರವೇ ಹಲವು ಜಿಬಿ ಇರುತ್ತದೆ. 1996ರಲ್ಲಿ ಸ್ಟೈನ್‌ಬರ್ಗ್ ಕಂಪನಿ ವಿಎಸ್‌ಟಿ ಅನ್ನುವ ವ್ಯವಸ್ಥೆ ತಂದ ಮೇಲೆ ವಾದ್ಯಗಳೆಲ್ಲ ಒಂದೊಂದಾಗಿ ಪರದೆಯೊಳಗೆ ಇಳಿದವು. ತಮಾಷೆಯೆಂದರೆ ಆ ಸ್ಟೈನ್‌ಬರ್ಗ್ ಈಗ ಇರುವುದು ಕೀಬೋರ್ಡ್ ಮಾರುವ ಯಮಾಹಾದ ಕೈಯಲ್ಲೇ.

ಇನ್ನೊಂದು ವಿಷಯ ಅಣ್ಣನಿಗೆ ಹೇಳಿದಾಗ ಅವನು ನಂಬಲಿಲ್ಲ. ದೊಡ್ಡ ವರ್ಕ್‌ಸ್ಟೇಷನ್ ಅನ್ನುವುದೂ ಒಂದು ಕಂಪ್ಯೂಟರೇ. 2011ರಲ್ಲಿ ಬಂದ ಕೋರ್ಗ್ ಕ್ರೋನೋಸ್‌ನ ಒಳಗಿದ್ದದ್ದು ಇಂಟೆಲ್ ಆಟಮ್ ಪ್ರೊಸೆಸರ್, ಅದರ ಮೇಲೆ ಲಿನಕ್ಸ್. ಅಂದರೆ ಅಣ್ಣನ ಪ್ರಶ್ನೆ ಕೀಬೋರ್ಡೋ ಕಂಪ್ಯೂಟರೋ ಅಂತಲ್ಲ. ಒಂದೇ ಕೆಲಸ ಮಾಡುವ ಕಂಪ್ಯೂಟರೋ, ಮಗಳ ಪ್ರಾಜೆಕ್ಟು, ಕರೆಂಟ್ ಬಿಲ್ಲು, ಯೂಟ್ಯೂಬು ಎಲ್ಲದರ ಜೊತೆ ಸಂಗೀತವನ್ನೂ ಹೊರುವ ಕಂಪ್ಯೂಟರೋ ಅಂತ.

ಇಷ್ಟು ತಿಳಿದ ಮೇಲೂ ಸ್ಟೇಜಿನಿಂದ ಅನ್ನ ತಿನ್ನುವವನು ಪೆಟ್ಟಿಗೆಯನ್ನೇ ನಂಬಬೇಕು ಅನ್ನುವುದು ನನ್ನ ಅಭಿಪ್ರಾಯ. ಹಾಗೆ ಹೇಳಲು ನನಗೆ ಕಾರಣ ಕೊಟ್ಟದ್ದು ಕಳೆದ ವರ್ಷ ಪಕ್ಕದೂರಿನಲ್ಲಿ ನೋಡಿದ ಒಂದು ನಾಟಕ.

ಕೊನೆಯ ಅಂಕ. ಊರು ಬಿಟ್ಟು ಹೋಗಿದ್ದ ಮಗ ವಾಪಸು ಬಂದಿದ್ದಾನೆ, ತಾಯಿ ಬಾಗಿಲಲ್ಲಿ ನಿಂತಿದ್ದಾಳೆ. ಹಿನ್ನೆಲೆಗೆ ವಯಲಿನ್ ಏಳಬೇಕು. ಕೀಬೋರ್ಡಿನ ಹುಡುಗ ಆ ವರ್ಷವಷ್ಟೇ ಲ್ಯಾಪ್‌ಟಾಪಿಗೆ ಬದಲಾಗಿದ್ದವನು. ಸರಿಯಾಗಿ ಆ ಹೊತ್ತಿಗೆ ಪರದೆ ನೀಲಿಯಾಗಿ, ಲ್ಯಾಪ್‌ಟಾಪ್ ಅಪ್‌ಡೇಟ್ ಮಾಡಿಕೊಳ್ಳಲು ತಾನೇ ಎದ್ದು ಕೂತಿತು. ಸದ್ದಿಲ್ಲ. ತಾಯಿ ಪಾತ್ರಧಾರಿ ಅಳುವುದನ್ನು ಎಳೆದರು. ಇನ್ನೂ ಎಳೆದರು. ಕೊನೆಗೆ “ಮಗಾ, ನೀನು ಬಂದ ಖುಷಿಗೆ ನನಗೆ ಕಿವಿಯೇ ಕೇಳ್ತಾ ಇಲ್ಲ” ಅಂತ ತುಳುವಿನಲ್ಲಿ ಒಂದು ಮಾತು ಸೇರಿಸಿ ಜನರನ್ನು ನಗಿಸಿ ಪಾರಾದರು. ಅಳಬೇಕಾದಲ್ಲಿ ಸಭೆ ನಕ್ಕಿತು. ಆ ಹುಡುಗ ಬೆಳಗಿನ ಜಾವ ಪರದೆ ಹಿಂದೆ ಕೇಬಲ್ ಸುತ್ತುತ್ತ ಯಾರ ಮುಖವನ್ನೂ ನೋಡಲಿಲ್ಲ. ಅಪ್‌ಡೇಟ್ ನಿಲ್ಲಿಸಿ ಇಟ್ಟುಕೊಳ್ಳಬೇಕಿತ್ತು, ನಿಜ. ಆದರೆ ಸಂಜೆ ಆರಕ್ಕೆ ಟೆಂಪೋದಿಂದ ಸಾಮಾನು ಇಳಿಸಿ, ಏಳೂವರೆಗೆ ಸೌಂಡ್ ಚೆಕ್ ಮಾಡಿ, ಎಂಟಕ್ಕೆ ಊಟ ಮಾಡಿ ಕೂರುವವನಿಗೆ ನೆನಪಿಡಬೇಕಾದ ಸಂಗತಿಗಳು ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು.

ನಮ್ಮ ಸ್ಟೇಜುಗಳು ಎಲ್ಲಿರುತ್ತವೆ ಅಂತಲೂ ನೋಡಬೇಕು. ಕೊಯ್ಲು ಮುಗಿದ ಗದ್ದೆ, ಶಾಲೆಯ ಮೈದಾನ, ದೇವಸ್ಥಾನದ ಅಂಗಳ. ಕರೆಂಟ್ ಹೋಗಿ ಜನರೇಟರ್ ಬರುವ ನಡುವೆ ಎಲ್ಲ ಆರುತ್ತದೆ. ಸಾಧಾರಣ ಕೀಬೋರ್ಡ್ ಕರೆಂಟ್ ಬಂದ ಕೆಲವೇ ಕ್ಷಣದಲ್ಲಿ ನುಡಿಸಲು ತಯಾರು. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುತ್ತದಲ್ಲ ಅಂತ ಕೇಳಬಹುದು. ಇರುತ್ತದೆ, ಅದು ಅದರ ಹೆಚ್ಚುಗಾರಿಕೆಯೇ, ಬ್ಯಾಟರಿ ಹೊಸದಾಗಿರುವ ತನಕ. ಡಿಸೆಂಬರಿನ ರಾತ್ರಿ ಇಬ್ಬನಿ ಸುರಿಯುವಾಗ ಪರದೆಯ ಬೆಳಕಿಗೆ ಮುತ್ತುವ ಹುಳುಗಳದ್ದು ಬೇರೆ ಕಥೆ. ಒಂದು ಕೈ ಸ್ವರದ ಮೇಲೆ, ಇನ್ನೊಂದು ಕೈ ಹುಳ ಓಡಿಸಲು.

ಗಾಯಕರು ಹಾಡು ಶುರುವಾಗುವ ಒಂದು ಉಸಿರಿನ ಮೊದಲು ತಿರುಗಿ “ಅಣ್ಣ, ಇವತ್ತು ಗಂಟಲು ಸರಿ ಇಲ್ಲ, ಅರ್ಧ ಇಳಿಸಿ” ಅನ್ನುತ್ತಾರೆ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿ ಕತ್ತಲೆಯಲ್ಲೂ ಬೆರಳಿಗೆ ಸಿಗುತ್ತದೆ. ಪರದೆಯಲ್ಲಿ ಮೌಸ್ ಬಾಣ ಎಲ್ಲಿದೆ ಅಂತ ಮೊದಲು ಹುಡುಕಬೇಕು.

ತಡವಾಗುವ ಸದ್ದಿನ ವಿಷಯವನ್ನು ಸ್ಟುಡಿಯೋದ ಹುಡುಗ ಹೇಳಿರಲೇ ಇಲ್ಲ. ಕಂಪ್ಯೂಟರ್ ಸದ್ದನ್ನು ಸಣ್ಣ ಸಣ್ಣ ಕಂತುಗಳಲ್ಲಿ ಹೊರಗೆ ಬಿಡುತ್ತದೆ, ಅದಕ್ಕೆ ಬಫರ್ ಅನ್ನುತ್ತಾರೆ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ 256 ಸ್ಯಾಂಪಲಿನ ಬಫರ್ ಇಟ್ಟರೆ ಸುಮಾರು 6 ಮಿಲಿಸೆಕೆಂಡ್ ತಡ, ಕಿವಿಗೆ ಗೊತ್ತಾಗದು. ಹಳೇ ಲ್ಯಾಪ್‌ಟಾಪಿಗೆ ಅದು ತಡೆಯದೆ ಸದ್ದು ಚಟಚಟ ಅನ್ನತೊಡಗಿದರೆ 1024ಕ್ಕೆ ಏರಿಸುತ್ತೇವೆ. ಆಗ 23 ಮಿಲಿಸೆಕೆಂಡ್. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಹೋಗುವುದು ಸುಮಾರು ಒಂದು ಅಡಿ. ಹಾಗಾಗಿ ನೀವು ನುಡಿಸಿದ್ದು ಇಪ್ಪತ್ತೈದು ಅಡಿ ದೂರದ ಸ್ಪೀಕರಿನಿಂದ ಬಂದ ಹಾಗೆ ಕೇಳುತ್ತದೆ. ನಿಧಾನದ ಭಾವಗೀತೆಗೆ ಹೇಗೋ ಆದೀತು. ತಬಲಾದವನ ಜೊತೆ ದ್ರುತದಲ್ಲಿ ಹೋಗುವಾಗ ಬೆರಳೇ ತಪ್ಪುತ್ತದೆ. ಇದನ್ನು ಸರಿ ಮಾಡಲು ಆಡಿಯೊ ಇಂಟರ್‌ಫೇಸ್ ಬೇಕು. ಅಣ್ಣನ ಹಳೇ ಕೀಗಳು ಸತ್ತಿರುವುದರಿಂದ ಮಿಡಿ ಕೀಬೋರ್ಡ್ ಬೇರೆ ಬೇಕು. ಮಗಳ ಆನ್‌ಲೈನ್ ಕ್ಲಾಸಿಗೆಂದು ತಂದ ಲ್ಯಾಪ್‌ಟಾಪಿಗೆ ರ್‍ಯಾಮ್ ಹೆಚ್ಚಿಸಬೇಕು, ಎಸ್‌ಎಸ್‌ಡಿ ಹಾಕಿಸಬೇಕು. ಮದುವೆ ಕಾಗದದ ಹಿಂಭಾಗದಲ್ಲಿ ಲೆಕ್ಕ ಬರೆದೆವು. ಅಂಗಡಿಯವರು ಫೋನಿನಲ್ಲಿ ಹೇಳಿದ ರೇಟುಗಳನ್ನು ಕೂಡಿಸಿದರೆ ‘ಖರ್ಚಿಲ್ಲದ’ ದಾರಿಗೆ 45,000 ದಾಟಿತು.

ಸಾಫ್ಟ್‌ವೇರಿಗೆ ಎಷ್ಟು ಅಂತ ಕೇಳಿದರೆ ನಮ್ಮ ಕಡೆ ಎಲ್ಲರೂ ಪೆನ್‌ಡ್ರೈವ್ ತೋರಿಸಿ ನಗುತ್ತಾರೆ. ಕದ್ದ ಸಾಫ್ಟ್‌ವೇರ್ ಇಲ್ಲದ ಸ್ಟುಡಿಯೋ ಹುಡುಕುವುದು ಕಷ್ಟ. ಅದರ ಜೊತೆ ವೈರಸ್ಸೂ ಬರುತ್ತದೆ, ಅದು ಬೇರೆ ಮಾತು. ನನಗೆ ಸಿಟ್ಟು ಬರುವುದು ಕಡಿಮೆ ಖರ್ಚಿನ ನ್ಯಾಯವಾದ ದಾರಿ ಇದ್ದೂ ಯಾರೂ ಹೇಳಿಕೊಡದಿರುವುದಕ್ಕೆ. ರೀಪರ್ ಅನ್ನುವ ಸಾಫ್ಟ್‌ವೇರನ್ನು 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು. ಆಮೇಲೆ ಸಣ್ಣ ಆದಾಯದವರಿಗೆ ಲೈಸೆನ್ಸ್ 60 ಡಾಲರ್. ನಮ್ಮ ಹಾಡುಗಳಿಗೆ ಮತ್ತೆ ಮತ್ತೆ ಅನುಮತಿ, ಗೌರವಧನ ಅಂತ ಮಾತಾಡುವವರು ಬೇರೆಯವರ ಬೆವರನ್ನು ಪೆನ್‌ಡ್ರೈವಿನಲ್ಲಿ ಹಂಚುವುದು ನನಗಂತೂ ಸರಿ ಕಾಣುವುದಿಲ್ಲ.

ಹಾಗಾದರೆ ಸರ ಅಡವಿಟ್ಟು ದೊಡ್ಡದನ್ನೇ ತರಲಿ ಅಂತಲೋ? ಅಲ್ಲ. ಅಣ್ಣನಿಗೆ ಕಹಿಯಾದದ್ದು ಈ ಮಾತೇ.

ಅವನು ಶುರು ಮಾಡಿದಾಗ ಒಂದು ಆರ್ಕೆಸ್ಟ್ರಾ ಅಂದರೆ ಇಬ್ಬರು ಕೀಬೋರ್ಡಿನವರು, ಗಿಟಾರು, ತಬಲಾ, ಢೋಲಕ್, ರಿದಂ ಪ್ಯಾಡು. ಈಗ ಅನೇಕ ಕಡೆ ಒಂದು ಪೆನ್‌ಡ್ರೈವ್, ಇಬ್ಬರು ಗಾಯಕರು, ಮುಂದೆ ಡ್ಯಾನ್ಸಿನವರು. ಟ್ರ್ಯಾಕ್ ಹಾಕಿ ಹಾಡಿ ಹೋಗುತ್ತಾರೆ. ಸಮಿತಿಯವರಿಗೂ ಖರ್ಚು ಕಡಿಮೆ. ಆ ಟ್ರ್ಯಾಕುಗಳು ಹುಟ್ಟುವುದು ಸಾಫ್ಟ್‌ವೇರಿನಲ್ಲಿ. ಅಣ್ಣ ಕೀಬೋರ್ಡ್ ಕೊಂಡರೂ ಕೊಳ್ಳದಿದ್ದರೂ ಅವನ ಕುರ್ಚಿಯನ್ನು ನಿಧಾನವಾಗಿ ಎಳೆಯುತ್ತಿರುವುದು ಕಂಪ್ಯೂಟರೇ. ಐದು ವರ್ಷದಲ್ಲಿ ಎಷ್ಟು ಸ್ಟೇಜ್ ಉಳಿದೀತು ಅಂತ ಅವನಿಗೇ ಧೈರ್ಯವಿಲ್ಲ. ಅಂಥ ಹೊತ್ತಿನಲ್ಲಿ ಮನೆಯ ಚಿನ್ನವನ್ನು ಒಂದು ಪೆಟ್ಟಿಗೆಯೊಳಗೆ ಹಾಕಬಾರದು.

“ದೊಡ್ಡ ಕೀಬೋರ್ಡ್ ನೋಡಿಯೇ ಬುಕಿಂಗ್ ಕೊಡುದು ಮಾರಾಯ” ಅಂದ. ಇದರಲ್ಲಿ ಸತ್ಯವಿಲ್ಲದಿಲ್ಲ. ಸ್ಟ್ಯಾಂಡಿನ ಮೇಲೆ ಹೆಸರಿನ ಬೋರ್ಡ್ ಕಾಣುವ ಹಾಗೆ ಇಡುವವರನ್ನು ನಾನೂ ನೋಡಿದ್ದೇನೆ. ಆದರೆ ಆ 1,40,000ದ ಪೆಟ್ಟಿಗೆಯಲ್ಲಿ ಸಾವಿರಕ್ಕೂ ಮಿಕ್ಕಿ ಸ್ವರಗಳಿದ್ದವು, ಅಣ್ಣ ಸ್ಟೇಜಿನಲ್ಲಿ ಬಳಸುವುದು ಎಷ್ಟು ಅಂತ ಕೇಳಿದೆ. ಬೆರಳು ಮಡಚಿ ಎಣಿಸಿದ: ಪಿಯಾನೋ, ಸ್ಟ್ರಿಂಗ್ಸ್, ಕೊಳಲು, ವಯಲಿನ್, ಸಂತೂರ್, ಶಹನಾಯಿ, ಬ್ರಾಸ್, ಒಂದು ಪ್ಯಾಡ್, ಭಜನೆಗೆ ಹಾರ್ಮೋನಿಯಂ. ಒಂಬತ್ತು. ಅದರೊಳಗಿನ ಸೀಕ್ವೆನ್ಸರನ್ನು ಕಲಿಯುತ್ತೀಯಾ ಅಂದೆ. “ಆ ಸಣ್ಣ ಸ್ಕ್ರೀನಲ್ಲಾ? ನನ್ನ ಕಣ್ಣಿಗೆ ಎಲ್ಲಿ ಕಾಣ್ತದೆ” ಅಂದ.

ಒಂಬತ್ತು ಸ್ವರಕ್ಕೆ, ಒಂದು ಟ್ರಾನ್ಸ್‌ಪೋಸ್ ಗುಂಡಿಗೆ, ಗಮಕ ಎಳೆಯಲು ಒಂದು ಒಳ್ಳೆಯ ಪಿಚ್ ಬೆಂಡಿಗೆ ಅಷ್ಟು ಬೆಲೆ ಕೊಡಬೇಕಾಗಿಲ್ಲ. ರೋಲ್ಯಾಂಡ್ ಎಕ್ಸ್‌ಪಿಎಸ್-10, ಯಮಾಹಾ ಪಿಎಸ್‌ಆರ್-ಐ 500 ಥರದವು ನಮ್ಮ ದೇಶದ ಸ್ವರಗಳನ್ನು ಒಳಗಿಟ್ಟುಕೊಂಡೇ ಬಂದವು, ಸೆಕೆಂಡ್ ಹ್ಯಾಂಡಿನಲ್ಲೂ ಸಿಗುತ್ತವೆ. ಒಂದು 61 ಕೀಗಳ ಹಳೆಯದನ್ನು ನೋಡಿ, ಪ್ರತಿ ಕೀಯನ್ನೂ ಮೆಲ್ಲಗೆ ಒತ್ತಿ, ಗಟ್ಟಿಯಾಗಿ ಒತ್ತಿ, ಬೆಂಡ್ ಬಿಟ್ಟಾಗ ಸ್ವರ ಸರಿಯಾಗಿ ಮೂಲಕ್ಕೆ ಬರುತ್ತದಾ ಅಂತ ಕೇಳಿ ತಾ ಅಂದೆ. ಯುಎಸ್‌ಬಿ ಮಿಡಿ ಇರುವುದನ್ನೇ ನೋಡು, ಆಗ ಅದೇ ಕೀಬೋರ್ಡ್ ಮನೆಯಲ್ಲಿ ಲ್ಯಾಪ್‌ಟಾಪಿಗೂ ಆಗುತ್ತದೆ, ಬೇರೆ ಮಿಡಿ ಕೀಬೋರ್ಡ್ ಬೇಡ ಅಂದೆ. ರಾತ್ರಿ ಕೂತು ಸಾಫ್ಟ್‌ವೇರ್ ಕಲಿ. ವರ್ಷಕ್ಕೆ ಎರಡೋ ಮೂರೋ ಭಕ್ತಿಗೀತೆಗೆ ಸಂಗೀತ ಮಾಡಿಕೊಡುತ್ತೀಯಲ್ಲ, ಅದನ್ನು ಸ್ಟುಡಿಯೋಗೆ ಬಾಡಿಗೆ ಕೊಡದೆ ಮನೆಯಲ್ಲೇ ಮಾಡುವಂತಾಗಲಿ. ಅಲ್ಲಿ ಸದ್ದು ತಡವಾದರೂ ಯಾರೂ ನಗುವುದಿಲ್ಲ, ಲ್ಯಾಪ್‌ಟಾಪ್ ಹ್ಯಾಂಗ್ ಆದರೆ ಚಹಾ ಕುಡಿದು ಬರಬಹುದು.

ಊರಿನಲ್ಲಿ ಆರ್ಕೆಸ್ಟ್ರಾದ ಮುಖವನ್ನೇ ನೋಡದೆ, ಕೋಣೆಯಲ್ಲಿ ಕೂತು ಹಾಡು ಕಟ್ಟುವ ಇಪ್ಪತ್ತರ ಹುಡುಗ ಹುಡುಗಿಯರಿಗೆ ನಾನು ಇದನ್ನು ಹೇಳುವುದಿಲ್ಲ. ಅವರು ಪೆಟ್ಟಿಗೆಗೆ ಒಂದು ರೂಪಾಯಿಯನ್ನೂ ಹಾಕಬೇಕಾಗಿಲ್ಲ. ಅಣ್ಣನಿಗೆ ನಲವತ್ತಾರು. ಅವನ ಬೆರಳು ಕಲಿತದ್ದು ಜನರ ಎದುರು.

ಅವನು ಆ ದಿನ ಏನೂ ಹೇಳದೆ ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟ. ಮಳೆ ಸ್ವಲ್ಪ ಬಿಟ್ಟಿತ್ತು, ಗುಡುಗು ಬಿಟ್ಟಿರಲಿಲ್ಲ. ಬೈಕ್ ಹತ್ತುವ ಮೊದಲು ಒಳಗೆ ಹೋಗಿ ಕೀಬೋರ್ಡಿನ ಪ್ಲಗ್ ಕಿತ್ತು ಬಂದ. ಸಿಡಿಲಿಗೆ ಎರಡು ಅಡಾಪ್ಟರ್ ಕಳೆದುಕೊಂಡವನು.

ಮೊನ್ನೆ ಅತ್ತಿಗೆ ಫೋನ್ ಮಾಡಿದ್ದರು. ಕಾರ್ಕಳದ ಕಡೆಯ ಒಬ್ಬರಿಂದ ಹಳೇ ಕೀಬೋರ್ಡ್ ತಂದಾಯಿತಂತೆ, ಬ್ಯಾಗು, ಸ್ಟ್ಯಾಂಡು ಸೇರಿ 28,000. ಮಾರಿದವರು ಈಗ ಸ್ಟೇಜಿಗೆ ಹೋಗುವುದಿಲ್ಲ, ಮನೆಯಲ್ಲಿ ಕಂಪ್ಯೂಟರಿನಲ್ಲಿ ಟ್ರ್ಯಾಕ್ ಮಾಡಿ ಮಾರುತ್ತಾರಂತೆ. “ನಿಮ್ಮ ಅಣ್ಣ ಅವರ ಹತ್ರವೇ ಎರಡು ದಿನ ಕೂತು ಕಲ್ತು ಬಂದಿದ್ದಾರೆ. ಈಗ ರಾತ್ರಿ ಹನ್ನೊಂದಾದ್ರೂ ಮಗಳಿಗೆ ಲ್ಯಾಪ್‌ಟಾಪ್ ಸಿಗುದಿಲ್ಲ” ಅಂದರು. ಮೇಲಿನ ಒಂದು ಕೀ ಸ್ವಲ್ಪ ಗಟ್ಟಿ ಉಂಟಂತೆ. ಅಷ್ಟು ಮೇಲೆ ಹೇಗೂ ಯಾರೂ ಹಾಡುವುದಿಲ್ಲ ಅಂತ ಹಾಗೇ ತಂದಿದ್ದಾನೆ.