ಕುದಿಸಿ ಕುಡಿಯಿರಿ ಎನ್ನುವವರಿಗೆ

ನಮ್ಮ ನಲ್ಲಿಯಲ್ಲಿ ನೀರಿಗಿಂತ ಮೊದಲು ಗಾಳಿ ಬರುತ್ತದೆ. ಬುಸುಗುಟ್ಟಿ, ಎರಡು ಸಲ ಕೆಮ್ಮಿ, ಆಮೇಲೆ ಕಂದು ನೀರು. ಆನವಟ್ಟಿಯ ನಮ್ಮ ಬೀದಿಯ ಹೆಂಗಸರಿಗೆಲ್ಲ ಈ ಕೆಮ್ಮಿನ ಪರಿಚಯವಿದೆ. ಮೊದಲ ಎರಡು ಕೊಡ ಚರಂಡಿಗೆ, ಮೂರನೆಯದು ಬಟ್ಟೆ ಒಗೆಯಲು. ನಾಲ್ಕನೆಯದಕ್ಕೆ ಹಳೆಯ ಪಂಚೆಯ ತುಂಡು ಕಟ್ಟಿ ಹಿಡಿದರೆ ಅದು ಕುಡಿಯುವ ನೀರು. ಕಳೆದ ಮಳೆಗಾಲದಲ್ಲಿ ಆ ನಾಲ್ಕನೆಯ ಕೊಡವೂ ನಾತ ಹೊಡೆಯಿತು. ಮೊಮ್ಮಗನಿಗೆ ನಾಲ್ಕು ದಿನ ವಾಂತಿಭೇದಿ. ಬೀದಿಯ ಮೂವರನ್ನು ಕರೆದುಕೊಂಡು ಹೋಗಿ ಹೇಳಿಕೊಂಡೆ. ಕುರ್ಚಿಯಲ್ಲಿದ್ದವರು ತಲೆ ಎತ್ತಲಿಲ್ಲ. "ಟ್ಯಾಂಕಿನ ನೀರು ಚೆನ್ನಾಗೇ ಇದೆ. ಕುದಿಸಿ ಆರಿಸಿ ಕುಡೀರಮ್ಮಾ."

ಟ್ಯಾಂಕಿನ ನೀರು ಚೆನ್ನಾಗಿರಬಹುದು ಸ್ವಾಮಿ, ನಾವೇನು ಟ್ಯಾಂಕಿನ ಮೇಲೆ ಹತ್ತಿ ಕುಡಿಯುತ್ತೇವೆಯೇ?

ಕುದಿಸಬೇಡಿ ಎಂದು ನಾನು ಹೇಳುವುದಿಲ್ಲ. ನಾನೂ ಕುದಿಸುತ್ತೇನೆ. ಆದರೆ ಆ ಗ್ಯಾಸು ಯಾರದು, ಒಲೆಯ ಮುಂದೆ ನಿಂತ ಹೊತ್ತು ಯಾರದು? ಮಗು ಮಲಗಿದರೆ ಮೊದಲ ಪ್ರಶ್ನೆ, "ನೀರು ಕುದಿಸಿರಲಿಲ್ಲವೇನಮ್ಮ?" ಪೈಪು ಮಾಡಿದ ತಪ್ಪು ಹೀಗೆ ತಾಯಿಯ ತಲೆಗೆ ಬರುತ್ತದೆ.

ಆಗುವುದು ಇಷ್ಟೇ. ನೀರು ನಿಲ್ಲಿಸಿದಾಗ ಪೈಪು ಬರಿದಾಗುತ್ತದೆ, ಒಳಗೆ ಒತ್ತಡವಿರುವುದಿಲ್ಲ. ಚರಂಡಿಯೊಳಗೇ ಹಾದುಹೋದ ಪೈಪಿನ ಬಿರುಕಿನಿಂದ, ಸಡಿಲಾದ ಜಾಯಿಂಟಿನಿಂದ ಹೊರಗಿನ ಕೊಳಕು ಒಳಗೆ ಇಳಿಯುತ್ತದೆ. ಮತ್ತೆ ನೀರು ಬಿಟ್ಟಾಗ ಅದೇ ಮೊದಲು ನಮ್ಮ ಕೊಡಕ್ಕೆ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಕೊಡತೊಡಗಿದರು. ಆಮೇಲೆ ಸಂಶೋಧಕರು ಅಲ್ಲಿನ ನಲ್ಲಿಗಳನ್ನೂ ಬಿಟ್ಟು ಬಿಟ್ಟು ನೀರು ಬರುವ ವಾರ್ಡುಗಳ ನಲ್ಲಿಗಳನ್ನೂ ಹೋಲಿಸಿ ನೋಡಿದರು. ಬಿಟ್ಟು ಬಿಟ್ಟು ಬರುವ ನೀರಿನಲ್ಲೇ ಕೊಳಕು ಹೆಚ್ಚು.

ನಮ್ಮ ಕೈಯೂ ಪೂರಾ ಶುದ್ಧವಲ್ಲ ಅನ್ನಿ. ನಲ್ಲಿಗೇ ಮೋಟರು ಹಚ್ಚಿ ಎಳೆಯುತ್ತೇವಲ್ಲ, ಅದು ಪಕ್ಕದ ಮನೆಯ ನೀರಿನ ಜೊತೆಗೆ ಚರಂಡಿಯ ನೀರನ್ನೂ ಎಳೆಯುತ್ತದೆ. ನಾನು ನನ್ನ ಮೋಟರು ತೆಗೆಸಿದ್ದು ಈಚೆಗೆ, ಅದೂ ಮಗನೊಂದಿಗೆ ಜಗಳವಾಡಿ.

ಇದು ಹೊಟ್ಟೆನೋವಿನಲ್ಲಿ ಮುಗಿಯುವ ಮಾತಲ್ಲ. ರಾಯಚೂರಿನಲ್ಲಿ 2022ರಲ್ಲಿ, ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರಲ್ಲಿ ಕಲುಷಿತ ನಲ್ಲಿನೀರು ಕುಡಿದು ಜನ ಸತ್ತರು. ಅವರ ಮನೆಯ ಹೆಂಗಸರಿಗೂ ಯಾರಾದರೂ ಕುದಿಸಬೇಕಿತ್ತು ಎಂದು ಹೇಳಿದರೋ ಏನೋ.

ನಾವು ಕೇಳುವುದು ದೊಡ್ಡದೇನಲ್ಲ. ಚರಂಡಿಯಲ್ಲಿರುವ ಪೈಪು ಮೇಲೆತ್ತಿ, ಹಳೆಯ ಜಾಯಿಂಟು ಬದಲಿಸಿ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದೆವು ಎಂದು ಪುಸ್ತಕದಲ್ಲಿ ಬರೆದರೆ ಸಾಲದು. ನಲ್ಲಿಯಲ್ಲಿ ಬರುವ ಒಂದು ಲೀಟರಿನಲ್ಲಿ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ನಮ್ಮ ದೇಶದ ಮಾನದಂಡವೇ ಹೇಳುತ್ತದೆ. ಅದನ್ನು ನೋಡಲು ವಿಜ್ಞಾನಿ ಬೇಕಿಲ್ಲ. ಹನಿ ಔಷಧಿ ಹಾಕಿ ಬಣ್ಣ ನೋಡುವ ಪೆಟ್ಟಿಗೆಯಿದೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ಅಂಥ ಪೆಟ್ಟಿಗೆ ಬಳಸಿ ನೀರು ಪರೀಕ್ಷಿಸಲು ಕಲಿಸಬೇಕೆಂದಿದೆ. ಹಳ್ಳಿಯ ಹೆಂಗಸು ಕಲಿಯುವುದನ್ನು ಪೇಟೆಯವಳು ಕಲಿಯಲಾರಳೇ? ಪೆಟ್ಟಿಗೆ ನಮಗೂ ಕೊಡಿ.

ಕೊಡುವವರೆಗೆ ನೀವೇ ಬಂದು ಪರೀಕ್ಷಿಸಿ. ಆದರೆ ಟ್ಯಾಂಕಿನ ಬುಡದಲ್ಲಿ ಬಾಟಲಿ ತುಂಬಿಕೊಂಡು ಹೋಗಬೇಡಿ. ಬೀದಿಯ ಕೊನೆಯ ಮನೆಗೆ ಬನ್ನಿ, ನಲ್ಲಿ ಕೆಮ್ಮುವಾಗಲೇ ಬನ್ನಿ, ಮೊದಲ ಕೊಡದಿಂದಲೇ ಹಿಡಿಯಿರಿ.